ಕೊಕ್ಕೆ ಸಾಹೇಬರು ಬರಲಿಲ್ಲ

ಗೇಟು ತೆಗೆದುಕೊಂಡು ಒಳಗೆ ಬಂದವರು ಬೇರೆ ಯಾರೋ.

ಚಾವಣಿಯ ಅಂಚಿನಿಂದ ಬಗ್ಗಿ ನೋಡಿದ ಸೋಲಾರಮ್ಮ ಬಗ್ಗಿಕೊಂಡೇ ಉಳಿದಳು. "ಬನ್ನಿ ಸಾಹೇಬರೇ, ಇವತ್ತು ಏನು ಕೊಕ್ಕೆ ತಂದಿದ್ದೀರಿ?" ಎಂಬ ಮಾತನ್ನು ಬೆಳಗಿನಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕಾದಿದ್ದಳು. ಕೆಳಗೆ ನಿಂತಿದ್ದ ಗುಂಡಗಿನ ಮನುಷ್ಯನನ್ನು ಕಂಡು ಆ ಮಾತು ಗಂಟಲಿಗೆ ವಾಪಸು ಇಳಿಯಿತು. ಕತ್ತಿನಲ್ಲಿ ಅದೇ ಕಚೇರಿಯ ಗುರುತಿನ ಕಾರ್ಡು, ಕಂಕುಳಲ್ಲಿ ಅದೇ ನೀಲಿ ಫೈಲು. ಮುಖ ಮಾತ್ರ ಬೇರೆ.

ಸೋಲಾರಮ್ಮ ಎಂಬುದು ಊರಿನವರು ಇಟ್ಟ ಹೆಸರು. ಅಪ್ಪನ ಎಲೆಕ್ಟ್ರಿಕ್ ಅಂಗಡಿಯನ್ನು ವಹಿಸಿಕೊಂಡು, ಬಲ್ಬು ಸ್ವಿಚ್ಚುಗಳ ವ್ಯಾಪಾರವನ್ನು ಚಿಕ್ಕಮ್ಮನಿಗೆ ಬಿಟ್ಟು, ಅವಳು ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ ಹಿಡಿದ ಮೇಲೆ ಅಂಟಿಕೊಂಡದ್ದು. ಮೂವತ್ತಾರರ ಹೆಂಗಸಿಗೆ ಅಜ್ಜಿಯ ಹೆಸರು ಕಟ್ಟಿದರಲ್ಲ ಎಂದು ಮೊದಮೊದಲು ಗೊಣಗಿದ್ದಳು. ಆಮೇಲೆ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೇ ತಿರುಗಿ ನೋಡುವುದು ತಡವಾಗುತ್ತಿತ್ತು. ಕೊಕ್ಕೆ ಸಾಹೇಬರು ಎಂಬುದು ಮಾತ್ರ ಅವಳೇ ಇಟ್ಟ ಹೆಸರು.

ಅವರು ನಗರಸಭೆಯ ಇನ್ಸ್‌ಪೆಕ್ಟರು. ಪ್ಯಾನೆಲ್ ಕೂರಿಸುವ ಮೊದಲು ನಗರಸಭೆಯ ಅನುಮತಿ ಬೇಕು. ಕೂರಿಸಿದ ಮೇಲೆ ಇನ್ಸ್‌ಪೆಕ್ಟರು ಬಂದು ನೋಡಿ ಪಾಸ್ ಎನ್ನಬೇಕು. ಅಲ್ಲಿಯವರೆಗೆ ಮೇನ್ ಸ್ವಿಚ್ಚಿಗೆ ಬೀಗ. ಉಳಿದ ಇನ್ಸ್‌ಪೆಕ್ಟರುಗಳು ಬೀದಿಯಿಂದಲೇ ಕತ್ತೆತ್ತಿ ನೋಡಿ, ಕಣ್ಣಿಗೆ ಬಿಸಿಲು ಹೊಡೆದೊಡನೆ ಪಾಸ್ ಎಂದುಬಿಡುತ್ತಿದ್ದರು. ಕೊಕ್ಕೆ ಸಾಹೇಬರು ಹತ್ತಿ ಬರುತ್ತಿದ್ದರು. ಮೊಣಕಾಲೂರಿ, ಪ್ಯಾನೆಲಿನ ಅಡಿಗೆ ಪುಟ್ಟ ಕನ್ನಡಿ ಹಿಡಿದು, ಒಂದೊಂದು ವೈರನ್ನೂ ಎರಡೇ ಬೆರಳಲ್ಲಿ, ಮಲಗಿದ ಮಗುವಿನ ಕಿವಿ ಮುಟ್ಟುವ ಹಾಗೆ, ಮೆಲ್ಲಗೆ ಎಳೆದು ನೋಡುತ್ತಿದ್ದರು. ಕೊನೆಗೆ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು "ಒಂದು ಸಣ್ಣ ವಿಷಯ" ಎನ್ನುತ್ತಿದ್ದರು. ಆ ಸಣ್ಣ ವಿಷಯ ಅವಳ ಅರ್ಧ ದಿನವನ್ನು ನುಂಗುತ್ತಿತ್ತು.

ಒಮ್ಮೆ ಸ್ವಿಚ್ಚಿನ ಮೇಲೆ ಅಂಟಿಸಿದ ಎಚ್ಚರಿಕೆಯ ಸ್ಟಿಕ್ಕರು ಕೊಂಚ ಓರೆಯಾಗಿತ್ತು. ಅದಕ್ಕೂ ಕೊಕ್ಕೆ. ಓರೆ ಇದ್ದರೆ ಓದುವುದಕ್ಕೆ ಬರುವುದಿಲ್ಲವೇ ಎಂದು ಅವಳು ರೇಗಿದ್ದಳು.

"ಬೆಂಕಿ ಬಿದ್ದ ದಿನ ಓದೋನಿಗೆ ಕತ್ತು ಓರೆ ಮಾಡೋಷ್ಟು ವ್ಯವಧಾನ ಇರಲ್ಲ" ಎಂದಿದ್ದರು ಅವರು, ನಗದೆ.

ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಅವಳ ಜೊತೆಗೇ ನಡೆದು ಬಂದಿತ್ತು. ಯಾರೋ ಕಾಣದವನು, ಯಾವತ್ತೋ ಒಂದು ದಿನ, ಹೊಗೆಯಲ್ಲಿ ನಿಂತು ಓದುತ್ತಾನೆ ಎಂದು ಯೋಚಿಸುವ ಮನುಷ್ಯ. ಅಂದಿನಿಂದ ಅವಳ ಸ್ಟಿಕ್ಕರುಗಳು ನೆಟ್ಟಗಾದವು. ಇನ್ಸ್‌ಪೆಕ್ಷನ್ ದಿನ ಅವಳ ಅಂಗಿಗೂ ಇಸ್ತ್ರಿ ಬಿತ್ತು. ಪ್ಯಾನೆಲ್ ನೋಡೋಕೆ ಬರೋರಿಗೆ ಕಾಲರ್ ಯಾಕೆ ಕಾಣಬೇಕು ಎಂದು ಚಿಕ್ಕಮ್ಮ ಅಂಗಡಿಯ ಕೌಂಟರಿನ ಹಿಂದಿನಿಂದ ಕೇಳುವಳು. ಸಾಹೇಬರು ನಲವತ್ತರ ಆಚೀಚಿನವರೆಂದೂ ಒಂಟಿಯೆಂದೂ ಅವಳೇ ಎಲ್ಲಿಂದಲೋ ಪತ್ತೆ ಮಾಡಿ, ಯಾರೂ ಕೇಳದಿದ್ದರೂ ಎರಡೆರಡು ಸಲ ಹೇಳಿದ್ದಳು.

ಹಿಂದಿನ ಸಲ ಬೇಕರಿಯವರ ಮನೆಯ ಮೇಲೆ ಸಾಹೇಬರಿಗೆ ಏನೂ ಸಿಗಲಿಲ್ಲ. ಕನ್ನಡಿ ಹಿಡಿದರು, ವೈರು ಎಳೆದರು, ಇನ್ವರ್ಟರಿಗೆ ಕಿವಿಯಿಟ್ಟರು. ಕೊನೆಗೆ ಬಸ್ಸಿನಲ್ಲಿ ಕೊಡೆ ಮರೆತು ಬಂದವರ ಮುಖ ಮಾಡಿಕೊಂಡು "ಏನೂ ಇಲ್ಲ" ಎಂದರು. ಇಳಿದು ಹೋಗಬಹುದಿತ್ತು. ಹೋಗಲಿಲ್ಲ. ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತು, ತಮ್ಮ ಬಾಟಲಿ ಖಾಲಿಯಾದದ್ದನ್ನು ಅಲುಗಾಡಿಸಿ ನೋಡಿದರು.

ಯಾರ ಮನೆಯಲ್ಲೂ ಒಂದು ಲೋಟ ನೀರು ಮುಟ್ಟದ ಮನುಷ್ಯ ಅದು. ಕೆಲಸ ನೋಡಲು ಹೋದಲ್ಲಿ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಅವರ ಹಟ. ಅವಳು ತನ್ನ ಬಾಟಲಿಯನ್ನು ಸುಮ್ಮನೆ ಚಾಚಿದಳು, ಬೇಡ ಎನ್ನುತ್ತಾರೆಂದೇ. ಅವರು ಒಂದು ಕ್ಷಣ ಬಾಟಲಿಯನ್ನು, ಒಂದು ಕ್ಷಣ ಅವಳನ್ನು ನೋಡಿ, ತೆಗೆದುಕೊಂಡು ಕುಡಿದರು. ತುಟಿ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡಿಕೊಂಡು ಹೇಳಿದರು: "ನನ್ನನ್ನ ಕೊಕ್ಕೆ ಸಾಹೇಬರು ಅಂತೀರಂತೆ."

ಅವಳ ಕಿವಿ ಬಿಸಿಯಾಯಿತು. "ಯಾರಂದ್ರು?"

"ಅಂಗಡಿಗೆ ಫೋನ್ ಮಾಡಿದ್ದೆ. ನಿಮ್ಮ ಚಿಕ್ಕಮ್ಮ 'ಯಾರು, ಕೊಕ್ಕೆ ಸಾಹೇಬರಾ' ಅಂತಲೇ ಮಾತು ಶುರು ಮಾಡಿದ್ರು." ಅಷ್ಟು ಹೇಳಿ ಅವರು ನಕ್ಕರು. ಆ ನಗೆಯನ್ನು ಅವಳು ಅದೇ ಮೊದಲ ಸಲ ಕಂಡದ್ದು. ಎಡಗೆನ್ನೆಯಲ್ಲಿ ಒಂದು ಗುಳಿ ಇಷ್ಟು ದಿನ ಎಲ್ಲಿ ಅಡಗಿತ್ತೋ.

ಅದಾದ ಮೇಲಿನ ಇನ್ಸ್‌ಪೆಕ್ಷನ್ ಇವತ್ತೇ. ನಿವೃತ್ತಿಯಾದ ನರ್ಸಮ್ಮನ ಹಳೇ ಮನೆ. ಮೆಟ್ಟಿಲಿಲ್ಲದ ಚಾವಣಿ, ಏಣಿಯೊಂದೇ ದಾರಿ.

ಅವಳು ಇಳಿದು ಬರುವಷ್ಟರಲ್ಲಿ ಹೊಸ ಇನ್ಸ್‌ಪೆಕ್ಟರು ನರ್ಸಮ್ಮ ಕೊಟ್ಟ ಕುರ್ಚಿಯಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದರು. ಏಣಿಯ ಕಡೆ ನೋಡಿ, ಅದನ್ನು ತಾವು ಹತ್ತಿದರೆ ಏಣಿಗೂ ಕಷ್ಟ ತಮಗೂ ಕಷ್ಟ ಎಂದು ತಮಾಷೆ ಮಾಡಿದರು. ಫೈಲು ಬಿಚ್ಚಿ ಸಹಿ ಹಾಕಿದರು. ಬೀಗ ತೆಗೆದುಕೊಟ್ಟರು. ಅಷ್ಟೇ.

ಅವಳು ಏಣಿಯ ಕಡೆ ಕೈ ತೋರಿಸಿದಳು. ಮೇಲೆ ಹತ್ತಿ ನೋಡುವುದಿಲ್ಲವೇ ಎಂದು ಕೇಳಿದಳು. ಸೋಲಾರಮ್ಮನ ಕೆಲಸ ಅಂದ ಮೇಲೆ ನೋಡುವುದೇನು ಎಂದು ಅವರು ಲೋಟ ಕೆಳಗಿಟ್ಟರು. ಆಮೇಲೆ, ಕೇಳಬಾರದೆಂದು ಎಷ್ಟು ತಡೆದುಕೊಂಡರೂ, ಯಾವಾಗಲೂ ಬರುತ್ತಿದ್ದವರು ಯಾಕೆ ಬರಲಿಲ್ಲವೆಂದು ಕೇಳಿಯೇಬಿಟ್ಟಳು.

"ಓ, ಅವರಾ? ಅವರು ಇನ್ಮೇಲೆ ನಿಮ್ಮ ಕೆಲಸಕ್ಕೆ ಬರಲ್ಲ" ಎಂದರು ಹೊಸ ಇನ್ಸ್‌ಪೆಕ್ಟರು, ದನಿ ತಗ್ಗಿಸಿ. "ನಿಮಗೂ ಅವರಿಗೂ ಏನೋ ಸಂಬಂಧ ಇದೆಯಂತಲ್ಲ. ಅವರೇ ಮೇಡಂ ಹತ್ರ ಹೋಗಿ ಹೇಳಿದ್ದಾರೆ."

ಸೋಲಾರಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಆ ಕಚೇರಿಯ ಸುತ್ತಮುತ್ತ ಸಂಬಂಧ ಎಂಬ ಮಾತಿಗೆ ಒಂದೇ ಅರ್ಥ. ಹಿಂದೊಮ್ಮೆ ಒಬ್ಬ ಇನ್ಸ್‌ಪೆಕ್ಟರಿಗೂ ಒಬ್ಬ ಗುತ್ತಿಗೆದಾರನಿಗೂ ಸಂಬಂಧ ಇದೆಯೆಂದು ಬಯಲಾಗಿ, ಇನ್ಸ್‌ಪೆಕ್ಟರಿಗೆ ವರ್ಗವಾಗಿತ್ತು, ಗುತ್ತಿಗೆದಾರನ ಲೈಸೆನ್ಸು ಹೋಗಿತ್ತು. ಅಂದಿನಿಂದ ಆ ಮಾತೆಂದರೆ ಮೇಜಿನ ಅಡಿಯ ವ್ಯವಹಾರ. ಅಂದರೆ ಸಾಹೇಬರು ಹೋಗಿ ಹೇಳಿದ್ದು ಆ ನೀರಿನ ವಿಷಯವನ್ನು. ಬಿಸಿಲಿನಲ್ಲಿ ಬಾಯಾರಿದವರಿಗೆ ಕೊಟ್ಟ ನಾಲ್ಕು ಗುಟುಕು ನೀರು ಕೂಡ ಅವರ ಲೆಕ್ಕಕ್ಕೆ ಲಂಚವಾಯಿತು. ಆ ನಗು, ಆ ಗುಳಿ, ಎಲ್ಲ ಸುಳ್ಳು.

ಹೊಸ ಇನ್ಸ್‌ಪೆಕ್ಟರು ಹೋಗುವಾಗ ಅವಳನ್ನು ಒಂಥರಾ ನೋಡಿ ಹೋದರು. ಬಿಚ್ಚಿದ ಬೀಗ ಹಿಡಿದಿದ್ದ ನರ್ಸಮ್ಮ, ಸ್ವಿಚ್ಚು ಹಾಕಲೇ ಎಂದು ಸಡಗರದಿಂದ ಕೇಳಿದರು.

ಆಗ ನೆನಪಾಯಿತು ಅವಳಿಗೆ.

ಪ್ಯಾನೆಲಿನಿಂದ ಪ್ಯಾನೆಲಿಗೆ ವೈರು ಸೇರಿಸುವ ಕೊಂಡಿಗಳಿರುತ್ತವೆ. ಒಂದು ಗಂಡು, ಒಂದು ಹೆಣ್ಣು. ಎರಡೂ ಒಂದೇ ಕಂಪನಿಯವಾಗಿರಬೇಕು. ನಿನ್ನೆ ಸಂಜೆ ಒಂದು ಕೊಂಡಿಯ ಅರ್ಧ ಬಿರುಕು ಬಿಟ್ಟಿತ್ತು. ಕೈಚೀಲದಲ್ಲಿದ್ದ ಬೇರೆ ಕಂಪನಿಯ ಅರ್ಧವನ್ನು ಸೇರಿಸಿದ್ದಳು. ಟಕ್ಕೆಂದು ಕೂತಿತ್ತು. ಬೆಳಿಗ್ಗೆ ಬಂದು ಎರಡನ್ನೂ ಬದಲಿಸಬೇಕೆಂದುಕೊಂಡು, ಬೆಳಿಗ್ಗೆ ಇಸ್ತ್ರಿಯ ಗಡಿಬಿಡಿಯಲ್ಲಿ ಮರೆತಿದ್ದಳು. ಅಂಥ ಜೋಡಿ ಹೊರಗಿನಿಂದ ನೋಡಲು ಕೂಡಿಕೊಂಡ ಹಾಗೇ ಇರುತ್ತದೆ. ಒಳಗೊಳಗೇ ಬಿಸಿಯೇರುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕರಗಿ ಹೊತ್ತಿಕೊಳ್ಳುತ್ತದೆ.

ಕೊಕ್ಕೆ ಸಾಹೇಬರಾಗಿದ್ದರೆ ಕನ್ನಡಿ ಹಿಡಿದೊಡನೆ ಕಂಡುಹಿಡಿಯುತ್ತಿದ್ದರು.

ಅವಳು ನರ್ಸಮ್ಮನ ಕೈಯಿಂದ ಬೀಗ ತೆಗೆದುಕೊಂಡು ಸ್ವಿಚ್ಚಿಗೆ ಮತ್ತೆ ಹಾಕಿದಳು. ನರ್ಸಮ್ಮ ಬಾಯಿ ಬಿಟ್ಟುಕೊಂಡು ನೋಡಿದರು. ಪಾಸ್ ಆಯಿತಲ್ಲ ಎಂದರು. ನೋಡದೇ ಪಾಸ್ ಆಗಿದೆ, ನನ್ನ ಕೆಲಸದಲ್ಲಿ ತಪ್ಪಿದೆ ಎಂದಳು ಅವಳು. ಆಸ್ಪತ್ರೆಯಲ್ಲಿ ಎಂತೆಂಥ ಡಾಕ್ಟರರನ್ನು ನೋಡಿದ್ದೇನೆ, ಹೀಗೆ ಬಾಯಿಬಿಟ್ಟು ಹೇಳಿದವರನ್ನು ನೋಡಿಲ್ಲ ಎಂದು ನರ್ಸಮ್ಮ ಫ್ಯಾನಿಲ್ಲದ ಜಗುಲಿಯಲ್ಲಿ ಕೂತುಬಿಟ್ಟರು.

ಅಂಗಡಿಗೆ ಬಂದವಳ ಮುಖ ನೋಡಿ ಚಿಕ್ಕಮ್ಮ ಗಿರಾಕಿಯ ಕೈಗೆ ಕೊಡುತ್ತಿದ್ದ ಬಲ್ಬನ್ನು ಹಾಗೇ ಹಿಡಿದುಕೊಂಡಳು. "ಏನೇ ಇದು, ಕರೆಂಟು ಹೊಡೆದವಳ ಹಾಗೆ ನಿಂತಿದ್ದೀಯಲ್ಲ?"

ಅವಳು ಎಲ್ಲ ಹೇಳಿದಳು. ನೀರು, ಸಂಬಂಧ, ಲೈಸೆನ್ಸು. ಲೈಸೆನ್ಸು ಹೋದರೆ ಹೋಗಲಿ, ಅವರು ತನ್ನನ್ನು ಅಂಥವಳು ಎಂದುಕೊಂಡರಲ್ಲ ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಚಿಕ್ಕಮ್ಮನಿಗೆ ಅದೊಂದೇ ಕೇಳಿಸಿತು.

ಗಿರಾಕಿಯನ್ನು ಸಾಗಹಾಕಿ ಬಂದು ಚಿಕ್ಕಮ್ಮ ಕೇಳಿದ್ದು ಒಂದೇ. "ಯಾವ ಸಂಬಂಧ ಅಂತ ಕೇಳಿದ್ಯಾ?"

"ಅದರಲ್ಲಿ ಕೇಳೋದೇನಿದೆ ಚಿಕ್ಕಮ್ಮ?"

"ಕೇಳಬೇಕಪ್ಪ. ನಾನು ನಿನಗೆ ಸಂಬಂಧ ಅಲ್ವಾ? ನನಗೇನು ಲಂಚ ಕೊಟ್ಟಿದ್ದೀಯಾ?"

ಅವಳು ಆಗಲೇ ನಗರಸಭೆಗೆ ಹೊರಟಳು. ಇನ್ಸ್‌ಪೆಕ್ಟರುಗಳು ಕೂರುವ ಕೋಣೆಯಲ್ಲಿ ಒಂದಕ್ಕೊಂದು ಬೆಸೆದ ಉಕ್ಕಿನ ಕುರ್ಚಿಗಳ ಸಾಲು. ಒಬ್ಬರು ಎದ್ದರೆ ಸಾಲೇ ಕಿರುಗುಟ್ಟುತ್ತದೆ. ಕೌಂಟರಿನ ಆಚೆ ನಾಲ್ಕಾರು ಮೇಜು. ಕಿಟಕಿಯ ಪಕ್ಕದ್ದು ಕೊಕ್ಕೆ ಸಾಹೇಬರದು. ಅವಳನ್ನು ಕಂಡೊಡನೆ ಅವರು ಪೆನ್ನು ಕೆಳಗಿಟ್ಟರು. ಎದ್ದರು. ಮತ್ತೆ ಕೂತರು. ಅವಳು ಅತ್ತ ನೋಡದೆ ನೇರವಾಗಿ ಮೇಡಂ ಮೇಜಿಗೆ ಹೋದಳು. ಮೇಡಂ ಎಂದರೆ ಆ ವಿಭಾಗದ ಮೇಲಧಿಕಾರಿ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ತುಂಬ ಹುಡುಕುವ ನರೆಗೂದಲಿನ ಹೆಂಗಸು.

ನರ್ಸಮ್ಮನ ಮನೆಯ ಪಾಸ್ ರದ್ದು ಮಾಡಿ ಎಂದಳು ಸೋಲಾರಮ್ಮ. ಕೊಂಡಿಯ ವಿಷಯ ಹೇಳಿದಳು.

ಕೋಣೆಯಲ್ಲಿ ಟೈಪು ಹೊಡೆಯುವ ಸದ್ದು ನಿಂತಿತು. ಹೊಸ ಇನ್ಸ್‌ಪೆಕ್ಟರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೇ ಕಳಚಿ ಬಿತ್ತು. ಮೇಡಂ ಕನ್ನಡಕ ಇಳಿಸಿ ಅವಳನ್ನು ಸರಿಯಾಗಿ ನೋಡಿದರು. ಪಾಸ್ ಮಾಡಿ ಎಂದು ಅತ್ತವರನ್ನು ಕಂಡಿದ್ದೇನೆ, ಬೈದವರನ್ನು ಕಂಡಿದ್ದೇನೆ, ಫೇಲ್ ಮಾಡಿ ಎಂದು ಬಂದವರು ನೀವೇ ಮೊದಲು ಎಂದರು.

"ಇನ್ನೂ ಒಂದು ಮಾತಿದೆ ಮೇಡಂ" ಎಂದು ಅವಳು ಈಗ ಕಿಟಕಿಯ ಕಡೆ ತಿರುಗಿದಳು. ಮೇಜಿನ ಅಂಚು ಹಿಡಿದುಕೊಂಡಳು. "ಬಾಯಾರಿದ್ರಿ, ನೀರು ಕೊಟ್ಟೆ. ಅದನ್ನ ಲಂಚ ಅಂತ ಇಲ್ಲಿ ಬಂದು ಹೇಳಿದ್ರಿ. ನನ್ನ ಮುಖಕ್ಕೇ ಹೇಳಬಹುದಿತ್ತಲ್ಲ ಸಾಹೇಬರೇ?"

ಕೊಕ್ಕೆ ಸಾಹೇಬರ ಮುಖದ ಬಣ್ಣ ಇಳಿಯಿತು. ವೈರು, ಕ್ಲಾಂಪು, ಸ್ಟಿಕ್ಕರುಗಳ ಬಗ್ಗೆ ಎಂದೂ ತಡವರಿಸದ ನಾಲಿಗೆ ಅಂದು ಕಟ್ಟಿಕೊಂಡಿತ್ತು. "ನಾನು... ಲಂಚ ಅಂತ... ಇಲ್ಲ" ಎಂದರು.

ಮೇಡಂ ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿದರು. "ನಿಮಗೆ ಯಾರಮ್ಮ ಲಂಚ ಅಂದೋರು? ಇವರು ಬಂದು 'ಸಂಬಂಧ ಇದೆ, ಇನ್ಮೇಲೆ ಅವರ ಕೆಲಸ ನಾನು ನೋಡೋ ಹಾಗಿಲ್ಲ' ಅಂದ್ರು. ಹತ್ತಿರದವರ ಕೆಲಸ ನೋಡಬಾರದು ಅಂತ ನಿಯಮ ಇದೆ. ಯಾವ ಸಂಬಂಧ ಅಂತ ನಾನೂ ಕೇಳಿದೆ." ಅವರು ತುಟಿಯಂಚಿನ ನಗೆಯನ್ನು ಅದುಮಿಕೊಂಡರು. "'ಇನ್ನೂ ಆಗಿಲ್ಲ ಮೇಡಂ' ಅಂದ್ರು."

ಉಕ್ಕಿನ ಕುರ್ಚಿಗಳ ಸಾಲು ಕಿರುಗುಟ್ಟಿತು. ಕಾಯುತ್ತ ಕೂತಿದ್ದವರೆಲ್ಲ ಒಟ್ಟಿಗೇ ಮುಂದಕ್ಕೆ ಬಾಗಿದ್ದರು.

ಸೋಲಾರಮ್ಮನ ಕೈ ಮೇಜಿನ ಅಂಚನ್ನು ಬಿಟ್ಟಿತು. ಸಿಟ್ಟೆಲ್ಲ ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ. ಮೇಡಂ ಎದ್ದು, ಎಲ್ಲರಿಗೂ ಚಹಾದ ಹೊತ್ತಾಯಿತು ಎಂದು ಕಾಯುತ್ತಿದ್ದವರನ್ನೂ ಹೊರಡಿಸಿದರು. ಈಗಷ್ಟೇ ಕುಡಿದೆನಲ್ಲ ಎಂದ ಹೊಸ ಇನ್ಸ್‌ಪೆಕ್ಟರನ್ನು ತೋಳು ಹಿಡಿದು ಎಬ್ಬಿಸಿಕೊಂಡೇ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ನಡುವೆ ಮೇಜು.

"ಕೇಳಬೇಕು ಅಂತಿದ್ದೆ" ಎಂದರು ಅವರು, ಕೊನೆಗೆ, ತಮ್ಮ ಬೆರಳುಗಳನ್ನು ನೋಡಿಕೊಂಡು. "ಕೇಳೋಕೆ ಮೊದಲು ನಿಮ್ಮ ಕೆಲಸ ನೋಡೋದನ್ನ ಬಿಡಬೇಕಿತ್ತು."

"ಯಾಕೆ?"

"ನಿಮ್ಮ ಕೆಲಸ ಪಾಸ್ ಮಾಡೋನು ಬಂದು ಕೇಳಿದ್ರೆ, ಬೇಡ ಅನ್ನೋಕೆ ನೀವು ಹೆದರಬೇಕಾಗ್ತಿತ್ತು. ಇವತ್ತು ಬೇಡ ಅಂದ್ರೆ ನಾಳೆ ಯಾವ ಕೊಕ್ಕೆ ಹಾಕ್ತಾನೋ ಅಂತ. ಹಾಗೆ ಹೆದರಿಕೊಂಡು ಹೂಂ ಅಂದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಇಂಥದ್ದನ್ನು ಅವಳು ಯಾರ ಬಾಯಲ್ಲೂ ಕೇಳಿರಲಿಲ್ಲ. ತನಗೆ ಬೇಡ ಎನ್ನುವ ದಾರಿಯನ್ನು ಮೊದಲು ತೆರೆದಿಟ್ಟು, ಆಮೇಲೆ ಬಾಗಿಲಿಗೆ ಬಂದು ನಿಂತ ಮನುಷ್ಯ.

"ನಾನು ಬೇಡ ಅಂದ್ರೆ, ಮತ್ತೆ ನನ್ನ ಕೆಲಸ ನೋಡೋಕೆ ಬರ್ತೀರಾ?"

"ಇಲ್ಲ" ಎಂದರು ಅವರು. "ನೀವು ಏನಂದ್ರೂ ಇನ್ನು ಬರೋ ಹಾಗಿಲ್ಲ. ನನ್ನ ಕಡೆಯಿಂದ ಆಗಿಹೋಗಿದೆ."

ಅದು ಎಲ್ಲಕ್ಕಿಂತ ದೊಡ್ಡ ಪೆಟ್ಟಾಗಿ ಬಿತ್ತು. ಇನ್ನು ಯಾವ ಚಾವಣಿಯ ಮೇಲೂ ಆ ಕನ್ನಡಿ ಇಲ್ಲ. ಅವಳು ಕೂರಿಸಿದ ಒಂದೊಂದು ಬೋಲ್ಟನ್ನೂ ಬೆರಳಿಟ್ಟು ತಿಳಿದುಕೊಳ್ಳುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ, ಅವಳನ್ನು ಕೇಳುವುದಕ್ಕೋಸ್ಕರ ಆ ಬೆರಳನ್ನೇ ಹಿಂದಕ್ಕೆ ತೆಗೆದುಕೊಂಡಿದ್ದ.

"ನನ್ನ ಒಂದು ಮಾತೂ ಕೇಳದೇ ಬಿಟ್ಟುಬಿಟ್ರಿ" ಎಂದಳು. ಕಣ್ಣು ತುಂಬಿದ್ದು ಅವಳಿಗೇ ಸಿಟ್ಟು ತರಿಸಿತು. "ಇವತ್ತು ಆ ಮನುಷ್ಯ ನೋಡದೇ ಪಾಸ್ ಅಂದಾಗ ನನಗೆ ಎಷ್ಟು ಹೆದರಿಕೆ ಆಯ್ತು ಗೊತ್ತಾ? ನಿಮ್ಮ ಹಾಗೆ ನನ್ನ ಕೆಲಸ ನೋಡೋರು ಯಾರಿದ್ದಾರೆ?"

"ಕೆಲಸ ನೋಡೋಕೇ ಬರ್ತಿದ್ದೆ ಅಂತ ನಾನೂ ಅಂದ್ಕೊಂಡಿದ್ದೆ" ಎಂದರು ಅವರು. "ಬೇಕರಿಯವರ ಮನೇಲಿ ಏನೂ ತಪ್ಪು ಸಿಗಲಿಲ್ಲ. ಇಳಿದು ಹೋಗೋಕೆ ಮನಸ್ಸು ಬರಲಿಲ್ಲ. ಆಗ ಗೊತ್ತಾಯ್ತು."

ಹೊರಗೆ ಕಾರಿಡಾರಿನಲ್ಲಿ ಹೊಸ ಇನ್ಸ್‌ಪೆಕ್ಟರು ಏನೋ ಕೇಳಿದ್ದೂ ಮೇಡಂ ಗದರಿದ್ದೂ ಕೇಳಿಸಿತು. ಸೋಲಾರಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡಳು. ಅಂಗೈಯಲ್ಲಿ ಗ್ರೀಸಿತ್ತು, ಕೆನ್ನೆಗೆ ಹತ್ತಿತು. ಅವರು ನೋಡಿದರು, ಅದಕ್ಕೆ ಮಾತ್ರ ಕೊಕ್ಕೆ ಹಾಕಲಿಲ್ಲ.

ಉತ್ತರ ಈಗ ಹೇಳುವುದಿಲ್ಲ ಎಂದಳು ಅವಳು. ಕೊಂಡಿ ಬದಲಿಸುತ್ತೇನೆ, ನಾಳೆ ಮೇಡಂ ಅವರೇ ಬಂದು ನೋಡಲಿ, ಕಣ್ಣಾರೆ ನೋಡಿ ಪಾಸ್ ಎನ್ನಲಿ. ಸಂಬಂಧದಿಂದ ಪಾಸಾಯಿತು ಎಂದು ಒಬ್ಬರೂ ಆಡಿಕೊಳ್ಳುವ ಹಾಗಿರಬಾರದು. "ನೀವೂ ಬನ್ನಿ. ಮೇಲೆ ಹತ್ತಬೇಡಿ. ಕೆಳಗೆ ನಿಂತಿರಿ. ನನ್ನ ಕೆಲಸ ಮೊದಲು ಪಾಸಾಗಲಿ. ಆಮೇಲೆ ಹೇಳ್ತೀನಿ."

ಮರುದಿನ ಮೇಡಂ ಏದುಸಿರು ಬಿಡುತ್ತ ಏಣಿ ಹತ್ತಿದರು. ಅವರಿಗೆ ಆ ಕೆಲಸದ ಅಭ್ಯಾಸ ತಪ್ಪಿ ಎಷ್ಟೋ ವರ್ಷಗಳಾಗಿದ್ದವು. ಆದರೆ ಬಗ್ಗಿದರು, ಬಾಗಿದರು, ಹೊಸ ಜೋಡಿ ಕೊಂಡಿಯನ್ನು ಬಿಡಿಸಿ ಮತ್ತೆ ಸೇರಿಸಿ ನೋಡಿದರು. ಒಂದು ಕ್ಲಾಂಪಿನ ಬಿಗಿ ಸಾಲದು ಎಂದು ಅವಳಿಂದಲೇ ಬಿಗಿಸಿದರು. ಕೆಳಗೆ ಬೀದಿಯಲ್ಲಿ ಸಾಹೇಬರು ಕತ್ತೆತ್ತಿ ನಿಂತಿದ್ದರು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಬಿಚ್ಚಿದರೆ ಎಲ್ಲಿ ಹತ್ತಿಬಿಡುತ್ತೇನೋ ಎಂಬಂತೆ. ನೆರಳಿಗೆ ಬನ್ನಿ ಎಂದು ನರ್ಸಮ್ಮ ಕರೆದರೂ ಅಲುಗಲಿಲ್ಲ.

ಕೊನೆಗೆ ಮೇಡಂ ಪಾಸ್ ಎಂದರು. ಬೀದಿಯ ಆ ತುದಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಆಮೇಲೆ ಸಾವಕಾಶವಾಗಿ ಇಳಿದು, ಯಾರ ಮುಖವನ್ನೂ ನೋಡದೆ, ನರ್ಸಮ್ಮನೊಡನೆ ಸ್ವಿಚ್ಚು ಹಾಕಲು ಒಳಗೆ ಹೋದರು.

ಸೋಲಾರಮ್ಮ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಗೇಟು ದಾಟಿ ಏಣಿಯ ಬುಡಕ್ಕೆ ಬರುತ್ತಿದ್ದ ಸಾಹೇಬರನ್ನು ನೋಡುತ್ತ ಅದನ್ನು ಓರೆಯಾಗಿ ಊರಿದಳು. ಏಣಿ ಗೋಡೆಯ ಮೇಲೆ ಸರ್ರೆಂದು ಜಾರಿತು. ಅಷ್ಟರಲ್ಲಿ ಕೆಳಗಿನಿಂದ ಎರಡು ಕೈಗಳು ಅದನ್ನು ಗಟ್ಟಿಯಾಗಿ ಹಿಡಿದವು.

"ಹಿಡ್ಕೊಂಡಿದ್ದೀನಿ" ಎಂದರು ಅವರು. "ಮೆಲ್ಲಗೆ ಇಳಿ."

ಅವಳು ಅಲ್ಲೇ ನಿಂತುಬಿಟ್ಟಳು. ಇಳಿಯಿರಿ ಅಲ್ಲ, ಇಳಿ. ಎರಡು ವರ್ಷ ಬೋಲ್ಟಿಗೂ ಬಹುವಚನ ಕೊಟ್ಟು ಮಾತಾಡಿದ ಬಾಯಿ. ತಾನೇನೆಂದೆನೆಂದು ಹೊಳೆದು ಅವರ ಮುಖವೂ ಬಿಳುಪೇರಿತು. ಸಾರಿ ಎನ್ನಲು ಬಾಯಿ ತೆರೆದರು, ತಿದ್ದಿಕೊಳ್ಳಲು ತಡಕಾಡಿದರು. ಆದರೆ ಏಣಿಯನ್ನು ಮಾತ್ರ ಬಿಡಲಿಲ್ಲ; ಹಿಡಿದ ಗೆಣ್ಣುಗಳು ಇನ್ನಷ್ಟು ಬಿಗಿಯಾದವು.

ಅವಳು ಆ ಗೆಣ್ಣುಗಳನ್ನು ನೋಡಿದಳು. ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಇಳಿದಳು. ಅವರ ಮುಖದ ಮಟ್ಟಕ್ಕೆ ಬಂದಾಗ, ತನಗೇ ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಹೇಳಿದಳು.

"ಬಿಡಬೇಡ."